‘ಆದರೆ’ ಸಾಹೇಬರ ಮುಖಕ್ಕೆ ಪೌಡರ್

ಹದಿನೆಂಟು ವರ್ಷಗಳಿಂದ ಅವಳ ಕೆಲಸ ಒಂದೇ: ಟಿವಿಯಲ್ಲಿ ಮಾತಾಡಲು ಬರುವವರ ಮುಖದ ಬೆವರೊತ್ತಿ ಪೌಡರ್ ಹಚ್ಚುವುದು. ಕಿಟಕಿಯಿಲ್ಲದ ಕೋಣೆ, ಸುತ್ತ ಬಲ್ಬುಗಳಿರುವ ಕನ್ನಡಿ. ಅವುಗಳಲ್ಲಿ ಎರಡು ಸುಟ್ಟುಹೋಗಿ ವರ್ಷವಾಗಿತ್ತು. ಮಂತ್ರಿ, ನಟಿ, ಆಟಗಾರ ಎಲ್ಲರೂ ಆ ಕುರ್ಚಿಯಲ್ಲಿ ಕತ್ತು ಚಾಚಿ ಕೂತವರೇ. ದೇಶದ ಬಗ್ಗೆ ಅವರೆಲ್ಲರಿಗೂ ಅಭಿಪ್ರಾಯಗಳಿದ್ದವು. ಅವಳಿಗೆ ಮೊಣಕಾಲು ನೋವಿತ್ತು.

ವಾರಕ್ಕೆ ನಾಲ್ಕು ಸಂಜೆ ಬರುವವರು ‘ಆದರೆ’ ಸಾಹೇಬರು, ಹೆಸರಾಂತ ವಿಶ್ಲೇಷಕರು. ಊರೆಲ್ಲ ಹೌದೆಂದರೆ ಅವರು ‘ಆದರೆ’ ಎಂದು ಬಾಯಿ ತೆರೆಯುವರು. ಸ್ಟುಡಿಯೋದವರು ಹೆಸರಿಟ್ಟದ್ದು ಅದಕ್ಕೇ. ಊರು ಏನನ್ನುತ್ತದೆಂದು ಅವರು ತಿಳಿಯುತ್ತಿದ್ದುದು ಇವಳಿಂದ.

“ಏನಮ್ಮಾ, ಬಸ್ಸಲ್ಲಿ ಜನ ಏನಂತಾರೆ ಇವತ್ತು?” ಎಂದು ಕಣ್ಣು ಮುಚ್ಚಿಕೊಂಡೇ ಕೇಳುವರು. ಅವಳು ಹೇಳುವಳು. ಅರ್ಧ ಗಂಟೆಯಲ್ಲಿ ಅದೇ ಮಾತು ತಲೆಕೆಳಗಾಗಿ ಟಿವಿಯಲ್ಲಿ ಬರುವುದು.

ಆ ಮಂಗಳವಾರದ ಚರ್ಚೆ, ಅವಳ ಬಡಾವಣೆಯ ಸರ್ಕಾರಿ ಡಯಾಲಿಸಿಸ್ ಕೇಂದ್ರವನ್ನು ಮುಚ್ಚಬೇಕೇ ಎಂಬುದು. ಅವಳ ಅಕ್ಕ ವಾರಕ್ಕೆ ಮೂರು ಸಲ ಅಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗುತ್ತಿದ್ದಳು. ಅದು ಮುಚ್ಚಿದರೆ ಎರಡು ಬಸ್ಸು ಬದಲಿಸಿ ದೂರದ ಆಸ್ಪತ್ರೆಗೆ ಹೋಗಬೇಕು. ಅಕ್ಕನಿಗೆ ಬಾಗಿಲಿನಿಂದ ಗೇಟಿನವರೆಗೆ ನಡೆಯುವುದೇ ಹೆಚ್ಚು.

ಬಸ್ಸಿನಲ್ಲಿ ಒಬ್ಬರೂ ಮುಚ್ಚಿ ಎಂದಿರಲಿಲ್ಲ.

“ಮುಚ್ಚಿದ್ರೇ ಒಳ್ಳೇದು ಅಂತಾರೆ ಸಾರ್,” ಎಂದಳು. ಅವರ ಹಣೆಗೆ ಪೌಡರ್ ಒತ್ತುತ್ತಲೇ ಇದ್ದಳು. “ದಂಡದ ಖರ್ಚಂತೆ.”

“ಎಲ್ಲರೂ?”

“ಎಲ್ಲರೂ ಸಾರ್. ಕಂಡಕ್ಟರ್ ಕೂಡ.”

“ಹಾಗೋ,” ಎಂದರು ಸಾಹೇಬರು, ಹಸಿದವನ ಮುಂದೆ ತಟ್ಟೆ ಇಟ್ಟಂತೆ.

ಅಂದು ಕೇಂದ್ರ ಮುಚ್ಚಬಾರದೆಂದು ಅವರಾಡಿದ ಮಾತಿಗೆ ಕ್ಯಾಮೆರಾದವನೂ ಮೂಗು ಒರೆಸಿಕೊಂಡ. ಅಕ್ಕ ಫೋನ್ ಮಾಡಿದಳು: “ನಿಮ್ಮ ಸಾಹೇಬ್ರು ಮನುಷ್ಯರೇ ಕಣೇ. ಸುಮ್ನೆ ಬೈಕೋತಿದ್ದೆ.” ಸರ್ಕಾರದ ತೀರ್ಮಾನ ಶುಕ್ರವಾರಕ್ಕೆ ಹೋಯಿತೆಂಬ ಸುದ್ದಿಯೂ ಬಂತು.

ಗುರುವಾರ ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡು ಕೂತರು.

“ಎರಡು ದಿನದಿಂದ ಬರೀ ಹೊಗಳಿಕೆ ಕಣಮ್ಮಾ. ಒಬ್ಬನಾದ್ರೂ ಬೈಬೇಡ್ವಾ? ಎಲ್ಲರೂ ಒಪ್ತಿದಾರೆ ಅಂದ್ರೆ ನಾನೆಲ್ಲೋ ಎಡವಿದೀನಿ. ಇವತ್ತು ಸರಿಮಾಡ್ತೀನಿ.”

ಅವಳ ಕೈ ನಿಂತಿತು. ಇಷ್ಟು ವರ್ಷ ಆ ಮುಖ ತಿಕ್ಕಿ ಅರ್ಧ ಪಾಠವನ್ನಷ್ಟೇ ಕಲಿತಿದ್ದಳು. ಊರು ಅವರ ಮಾತಿನ ಹಿಂದೆಯೇ ಬಂದರೆ ಅವರು ಅಲ್ಲಿಂದಲೂ ಎದ್ದು ಹೋಗುವರೆಂಬುದು ಹೊಳೆದಿರಲಿಲ್ಲ.

“ಸಾರ್, ಮೊನ್ನೆ ನಾನು ಹೇಳಿದ್ದು ಸುಳ್ಳು. ಮುಚ್ಚಿ ಅಂತ ಯಾರೂ ಅಂದಿಲ್ಲ. ನಮ್ಮಕ್ಕ ಡಯಾಲಿಸಿಸ್‌ಗೆ ಹೋಗೋದು ಅಲ್ಲಿಗೇ. ಇವತ್ತೊಂದು ದಿನ ಬಿಟ್ಟುಬಿಡಿ.”

ಸಾಹೇಬರು ಕಣ್ಣು ತೆರೆದರು. “ಅಯ್ಯೋ ಪಾಪ,” ಎಂದರು. ಅದರಲ್ಲಿ ಸುಳ್ಳಿರಲಿಲ್ಲ. “ಆದರೆ ಅಮ್ಮಾ…”

ಅಷ್ಟರಲ್ಲಿ ಬಾಗಿಲಲ್ಲಿ ಕರೆ ಬಂತು. ಅವರ ಮೂಗಿನ ಮೇಲೆ ಇನ್ನೂ ಎಣ್ಣೆ ಹೊಳೆಯುತ್ತಿತ್ತು. ಹಾಗೇ ಬಿಡಬಹುದಿತ್ತು. ಬಿಡಲು ಮನಸ್ಸಾಗದೆ ಪೌಡರ್ ಒತ್ತಿ ಕಳಿಸಿದಳು.

ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. “ಇವತ್ತು ಟಿವಿ ಹಾಕ್ಬೇಡ.”

“ಯಾಕೆ, ಸಾಹೇಬ್ರು ಬರಲ್ವಾ?”

“ಇಲ್ಲ, ರಜೆ. ನಾಳೆ ಬೆಳಿಗ್ಗೆ ಆ ದೂರದ ಆಸ್ಪತ್ರೆಗೆ ಒಂದ್ಸಲ ಹೋಗ್ಬರ್ತೀನಿ.”

“ಅದ್ಯಾಕೆ?”

“ಸುಮ್ನೆ. ಮೆಟ್ಟಿಲು ಎಷ್ಟಿವೆ ನೋಡ್ಕೊಂಡು ಬರ್ತೀನಿ.”