ಬೂದು ಜಾಲರಿಯ ಎಮಿಲ್

ನಮ್ಮ ಬ್ರಿಕರ್ಸ್ ಮಿಲ್ ಊರಿನಲ್ಲಿ ಎಮಿಲ್ ಕೋಸ್ಟ್ಕಾನ ಎದುರು ಹೆಲ್ಮೆಟ್ಟಿನ ಬಣ್ಣದ ಮಾತು ಎತ್ತುವವರು ಮೊದಲೇ ಊಟ ಮುಗಿಸಿರಬೇಕು. ಮಾತು ಅಷ್ಟು ಬೇಗ ಮುಗಿಯುವುದಿಲ್ಲ. ಹೈಸ್ಕೂಲಿನ ಫುಟ್‌ಬಾಲ್ ತಂಡದ ಸಾಮಾನು ಕೋಣೆ ಮೂವತ್ತೆಂಟು ವರ್ಷದಿಂದ ಅವನ ಸುಪರ್ದಿಯಲ್ಲಿದೆ. ಸತು ಲೇಪಿಸುವ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಅಲ್ಲಿಗೆ ಬರುತ್ತಿದ್ದವನು, ನಿವೃತ್ತನಾದ ಮೇಲೆ ಬೆಳಗ್ಗೆಯೇ ಬರತೊಡಗಿದ. ಊರಿನ ಮಕ್ಕಳಿಗೆಲ್ಲ ಅವನು ದೇದೋ, ಅಂದರೆ ತಾತ. ಅವನು ಮನೆಗೆ ಬರುವುದು ಸೂಪು ಕುಡಿಯುವುದಕ್ಕೆ ಮಾತ್ರ ಎಂದು ಹೆಂಡತಿ ಲಾಟಿ ಹೇಳುತ್ತಾಳೆ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ತಲೆಗೆ ತಲೆ ಡಿಕ್ಕಿಯಾಗುವ ಆಟ ನಮ್ಮದು. ಹೆಲ್ಮೆಟ್ಟಿನ ಮುಂದೆ ಮುಖ ಕಾಯುವ ಉಕ್ಕಿನ ಜಾಲರಿ ಇಲ್ಲದಿದ್ದರೆ ನಮ್ಮೂರಿನ ಅರ್ಧ ಗಂಡಸರಿಗೆ ಮೂಗೇ ಉಳಿಯುತ್ತಿರಲಿಲ್ಲ. ನಮ್ಮ ಹೆಲ್ಮೆಟ್ಟು ಕಡುಗೆಂಪು, ಜಾಲರಿ ಬೂದು. ಸುತ್ತಲಿನ ಊರುಗಳವರು ಒಬ್ಬೊಬ್ಬರಾಗಿ ಕಪ್ಪಿಗೆ ಹೋದರು, ಬಿಳಿಗೆ ಹೋದರು. ಒಂದು ಊರಿನವರಂತೂ ಮದುಮಗಳ ಹಾಗೆ ಚಿನ್ನದ ಬಣ್ಣ ಬಳಿದುಕೊಂಡರು. ನಾವು ಜಗ್ಗಲಿಲ್ಲ. ಜಗ್ಗಲಿಲ್ಲ ಅಂದರೆ, ಎಮಿಲ್ ಜಗ್ಗಲಿಲ್ಲ.

"ಹೆಲ್ಮೆಟ್ಟು ಅಂಗಿ, ಜಾಲರಿ ಗುಂಡಿ. ಗುಂಡಿ ಕಣ್ಣಿಗೆ ಹೊಡೀತಿದ್ರೆ ಅಂಗಿ ಹೊಲಿದವನಿಗೆ ಕೆಲ್ಸ ಬರಲ್ಲ ಅಂತ ಅರ್ಥ," ಎನ್ನುತ್ತಿದ್ದ.

ಅವನದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಆಟ ಮುಗಿದ ಗಳಿಗೆಯಲ್ಲೇ ಹುಡುಗರು ಸಾಲಾಗಿ ಹೆಲ್ಮೆಟ್ಟು ತಂದು ಅವನ ಮೇಜಿನ ಮೇಲಿಡಬೇಕು. ಡಿಕ್ಕಿಯಾದಾಗ ಎದುರಾಳಿಯ ಹೆಲ್ಮೆಟ್ಟಿನ ಬಣ್ಣ ಜಾಲರಿಗೆ ಮೆತ್ತಿಕೊಂಡಿರುತ್ತದೆ. ಬೂದಿನ ಮೇಲೆ ಅದು ಅಷ್ಟಾಗಿ ಕಾಣದು. ಕಂಡಷ್ಟನ್ನು ಎಮಿಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅಲ್ಲೇ ಒರೆಸಿ, ಒಂದೂ ಗೀರಿಲ್ಲದಂತೆ ಮಾಡಿ ಮೊಳೆಗೆ ನೇತುಹಾಕುತ್ತಿದ್ದ.

ಕೊನೆಯ ವರ್ಷದ ಹುಡುಗರು ವರ್ಷಕ್ಕೊಂದು ಹೊಸದನ್ನು ಕೇಳಿ ಪಡೆಯಬಹುದು ಎಂಬುದೂ ನಮ್ಮ ಶಾಲೆಯ ಹಳೆಯ ಪದ್ಧತಿಯೇ. ಸಾಮಾನ್ಯವಾಗಿ ಕಾಲುಚೀಲದ ಪಟ್ಟೆಯನ್ನೋ ಬಸ್ಸಿನಲ್ಲಿ ಹಾಕುವ ಹಾಡನ್ನೋ ಕೇಳುತ್ತಾರೆ. ಈ ಸಲದವರು ಬಿಳಿ ಜಾಲರಿ ಕೇಳಿದರು. ಹೊಸ ಕೋಚ್ ಡಾರ್ನೆಲ್ ಸೈಪ್ಸ್ ಹ್ಞೂಂ ಅಂದುಬಿಟ್ಟ. ಈ ಡಾರ್ನೆಲ್ಲನಿಗೆ ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಹೆಲ್ಮೆಟ್ಟು ತೊಡಿಸಿದವನು ಎಮಿಲ್.

ಸುದ್ದಿ ಅವನ ಕಿವಿಗೆ ಬಿದ್ದದ್ದು ಈಸ್ಟರಿಗೆ ಮುಂಚಿನ, ಮಾಂಸ ತಿನ್ನದ ಶುಕ್ರವಾರವೊಂದರಂದು, ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಊರೆಲ್ಲ ಕರಿದ ಮೀನು ತಿನ್ನುತ್ತಿದ್ದಾಗ. ಎಮಿಲ್ ತಟ್ಟೆ ಸರಿಸಿ ಎದ್ದು ನಿಂತ.

"ಕೇಳು ಕೋಚ್, ಬಿಳಿ ಜಾಲರಿ ಹಾಕಿದ ಮೊದಲನೇ ಆಟ ಮುಗೀಲಿ. ಕೋಣೆ ಬೀಗದಕೈ ಅವತ್ತೇ ನಿನ್ನ ಕೈಗೆ. ಆಮೇಲೆ ನಾನು ಆ ಕಡೆ ತಲೆ ಹಾಕೋದಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾತು ಬಾಯಿಂದ ಬಿದ್ದ ಕೂಡಲೇ ಎಮಿಲ್‌ಗೆ ಅದನ್ನು ವಾಪಸು ನುಂಗಿಬಿಡಬೇಕೆನಿಸಿತು. ಆದರೆ ಇನ್ನೂರು ಜನ ಮೀನು ಬಾಯಲ್ಲಿಟ್ಟುಕೊಂಡೇ ಕೇಳಿಸಿಕೊಂಡಿದ್ದರು.

ಆಗಸ್ಟಿನಲ್ಲಿ ಬಿಳಿ ಜಾಲರಿಗಳ ಪೆಟ್ಟಿಗೆಗಳು ಬಂದವು. ಬೇರೆಯವರು ಕೈ ಹಾಕಿದರೆ ಸ್ಕ್ರೂ ಸಡಿಲ ಬಿಡುತ್ತಾರೆಂದು ನಲವತ್ತೆರಡು ಹೆಲ್ಮೆಟ್ಟಿಗೂ ಅವನೇ ಕೂತು ಜೋಡಿಸಿದ. ಇಷ್ಟವಿಲ್ಲದ ಮದುವೆಗೂ ಅಡುಗೆ ಕೆಡಿಸುವ ಜಾಯಮಾನದವನಲ್ಲ.

"ಬಿಡೋ ಮಾರಾಯ ಆ ಹಠಾನ," ಅಂದಳು ಲಾಟಿ. "ಕೋಣೆ ಬಿಟ್ಟು ಮನೇಲಿ ಕೂತ್ರೆ ನನ್ನ ಚಮಚಗಳನ್ನೆಲ್ಲ ಸೈಜು ಪ್ರಕಾರ ನೇತುಹಾಕ್ತೀಯ."

"ಊರೆದುರಿಗೆ ಹೇಳಿದೀನಿ, ಲಾಟಿ."

"ಸಿಗರೇಟು ಬಿಡ್ತೀನಿ ಅಂತಾನೂ ಊರೆದುರಿಗೇ ಹೇಳಿದ್ದೆ. ನಾಲ್ಕು ಸಲ."

"ಅದು ಸಿಗರೇಟು. ಇದು ಜಾಲರಿ."

ಲಾಟಿ ನಕ್ಕಳು. ಅವನು ನಗಲಿಲ್ಲ. ಆ ಕೋಣೆ ಇಲ್ಲದ ಸೋಮವಾರವನ್ನು ನೆನೆದರೆ ಅವನಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಮೊದಲ ಆಟ ಶನಿವಾರ ಮಧ್ಯಾಹ್ನ, ವಿಂಡಮ್‌ನವರ ಮೇಲೆ. ಅವರದು ಕಡುನೀಲಿ ಹೆಲ್ಮೆಟ್ಟು. ನಮ್ಮ ಹುಡುಗರು ಕೆಂಪು ಹೆಲ್ಮೆಟ್ಟಿಗೆ ಬಿಳಿ ಜಾಲರಿ ಹಾಕಿಕೊಂಡು ಓಡಿ ಬಂದಾಗ ಹೆಂಗಸರೆಲ್ಲ ಆಹಾ ಎಂದರು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಎಮಿಲ್ ಮಾತ್ರ ಚೆಂಡು ಬಿಟ್ಟು ಜಾಲರಿಗಳನ್ನೇ ನೋಡುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಬಿಳಿಯ ಮೇಲೆಲ್ಲ ನೀಲಿ ಗೀರುಗಳು.

"ನೋಡ್ಕೋ ನಿನ್ನ ಬಿಳೀನ," ಎಂದ ಕೋಚ್‌ಗೆ, ಭಾರೀ ಸಮಾಧಾನದಿಂದ. "ಒಂದೇ ಮಧ್ಯಾಹ್ನಕ್ಕೆ ಗಬ್ಬೆದ್ದು ಹೋಯ್ತು."

ನಾವು ನಾಲ್ಕು ಪಾಯಿಂಟಿನಿಂದ ಗೆದ್ದೆವು. ಎಮಿಲ್ ಮೇಜಿನ ಮೇಲೆ ಸ್ಪಿರಿಟ್ಟಿನ ಡಬ್ಬ, ಬಟ್ಟೆ, ಅವುಗಳ ಪಕ್ಕದಲ್ಲಿ ಸೊಂಟದಿಂದ ಬಿಚ್ಚಿದ ಬೀಗದಕೈ ಇಟ್ಟುಕೊಂಡು ಕೂತ. ಕೊನೆಯದಾಗಿ ನಲವತ್ತೆರಡು ಜಾಲರಿ ಒರೆಸುವುದು, ಎದ್ದು ಹೋಗುವುದು.

ಸಾಲಿನಲ್ಲಿ ಮೊದಲು ಬಂದವನು ಐವತ್ತನಾಲ್ಕನೇ ನಂಬರಿನ ಡಾಂಟೆ ಉರ್ಬಾನಿಕ್, ತಂಡದ ಸೆಂಟರ್. ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಡುವುದು, ಆಮೇಲೆ ಎದುರಿನವನಿಗೆ ಅಡ್ಡ ನಿಂತು ಏಟು ತಿನ್ನುವುದು ಅವನ ಕೆಲಸ. ಚೆಂಡಿನ ಹಿಂದೆ ಓಡುವ ಕಣ್ಣುಗಳಿಗೆ ಅವನು ಕಾಣುವುದೇ ಇಲ್ಲ. ಅವನ ಜಾಲರಿಯಲ್ಲಿ ಬಿಳಿಗಿಂತ ನೀಲಿಯೇ ಹೆಚ್ಚಿತ್ತು. ಎಮಿಲ್ ಬಟ್ಟೆ ಅದ್ದಿದ.

"ದೇದೋ, ತಡೀರಿ. ಒರೆಸ್ಬೇಡಿ."

"ಯಾಕೋ?"

"ಅಮ್ಮ ಇನ್ನೂ ನೋಡಿಲ್ಲ."

ಅವನ ತಾಯಿ ಕಾರ್ಲಾ ಬೇಕರಿಯ ಏಪ್ರನ್ನಿನಲ್ಲೇ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ಕಂಬಿಗಳ ನೀಲಿ ಗೀರುಗಳ ಮೇಲೆ ಬೆರಳಾಡಿಸಿದಳು.

"ಇದು ಯಾರದ್ದು?"

"ಅವರ ಎಪ್ಪತ್ತೇಳನೇ ನಂಬರಿನವನದು."

"ಇದು?"

"ಅದೂ ಅವನದೇ. ಎಂಟೋ ಒಂಬತ್ತೋ ಸಲ ನುಗ್ಗಿದ. ಒಂದ್ಸಲಾನೂ ಒಳಗೆ ಬಿಟ್ಟಿಲ್ಲಮ್ಮ ನಾನು."

ಕಾರ್ಲಾ ಎಮಿಲ್‌ನ ಕಡೆ ತಿರುಗಿದಳು. "ಎರಡು ವರ್ಷದಿಂದ ಬಂದು ಕೂತ್ಕೋತೀನಿ ದೇದೋ. ಸೀಟಿ ಊದಿದಾಗೆಲ್ಲ ಇವನು ನೆಲದ ಮೇಲೆ ಬಿದ್ದಿರ್ತಾನೆ. ಏನು ಮಾಡ್ತಾನೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇವತ್ತು ಕಾಣ್ತು ನೋಡಿ."

ಎಮಿಲ್‌ನ ಕೈ ಬಟ್ಟೆಯೊಂದಿಗೆ ಅಲ್ಲೇ ನಿಂತಿತು.

ಐವತ್ತನಾಲ್ಕು ವರ್ಷದ ಹಿಂದೆ ಅವನೂ ಇದೇ ಮೈದಾನದಲ್ಲಿ, ಸೆಂಟರಿನ ಎಡಕ್ಕೆ, ಅಡ್ಡ ನಿಂತು ಏಟು ತಿನ್ನುವವರ ಸಾಲಿನಲ್ಲಿದ್ದ. ಒಂದು ಶನಿವಾರ ಅವನಪ್ಪ ಪಾಳಿ ಮುಗಿಸಿ ಬಂದು ಬೇಲಿಗೆ ಒರಗಿ ಆಟವಿಡೀ ನಿಂತು ನೋಡಿದ್ದ. ಮನೆಗೆ ನಡೆಯುತ್ತ ಕೇಳಿದ್ದ: "ಇವತ್ತು ನಿನ್ನನ್ನ ಆಡಿಸ್ಲಿಲ್ವೇನೋ?" ಎಮಿಲ್ ಅಂದು ಒಂದು ನಿಮಿಷವೂ ಹೊರಗೆ ಕೂತಿರಲಿಲ್ಲ. "ಆಡಿಸಿದ್ರು ಅಪ್ಪ," ಎಂದಿದ್ದ. ಅಪ್ಪ ನಂಬದೆ ತಲೆಯಾಡಿಸಿದ್ದ. ತೋರಿಸೋಣವೆಂದರೆ ಬೂದು ಜಾಲರಿಯ ಮೇಲೆ ಕಾಣುವಂಥದ್ದು ಏನೂ ಉಳಿದಿರಲಿಲ್ಲ.

ಆಮೇಲೆ ಮೂವತ್ತೆಂಟು ವರ್ಷ, ಇಂಥ ಅದೆಷ್ಟು ಹುಡುಗರ ಜಾಲರಿಯನ್ನು ಮನೆಯವರು ನೋಡುವ ಮೊದಲೇ ಈ ಕೈ ಒರೆಸಿಹಾಕಿತ್ತೋ. ಎಮಿಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬದ ಮೇಲಿಟ್ಟ.

"ಯಾರೂ ಇಲ್ಲಿಡ್ಬೇಡ್ರೋ," ಎಂದ ಸಾಲಿಗೆ. "ಹೊರಗೆ ತಗೊಂಡು ಹೋಗಿ. ಮನೆಯವ್ರು ಕಣ್ತುಂಬ ನೋಡ್ಲಿ. ಆಮೇಲೆ ತನ್ನಿ."

ಹುಡುಗರು ಹೋ ಎಂದು ಹೊರಗೋಡಿದರು. ಗದ್ದಲಕ್ಕೆ ಬಂದ ಡಾರ್ನೆಲ್, ಮೇಜಿನ ಮೇಲಿದ್ದ ಬೀಗದಕೈ ನೋಡಿ ತುಟಿಯಂಚಿನಲ್ಲೇ ನಗುತ್ತ ಅಂಗೈ ಚಾಚಿದ.

"ಏನೋ ಕೊಡ್ತೀನಿ ಅಂದಿದ್ರಲ್ಲ, ದೇದೋ? ಇನ್ನೂರು ಜನ ಸಾಕ್ಷಿ ಇದ್ರು."

"ಈ ನೀಲೀನೆಲ್ಲ ಆಮೇಲೆ ಉಜ್ಜೋರ್ಯಾರು, ನಿಮ್ಮಪ್ಪನಾ?" ಎಂದು ಎಮಿಲ್ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಗುಂಡಿ ಬಿಳಿ ಆದ್ರೂ ಹೊಲಿಯೋನು ಬೇಕಲ್ಲಪ್ಪ."

ಮುಂದಿನ ವರ್ಷದ ಮೀನೂಟದಲ್ಲಿ ಊರು ಅವನನ್ನು ಸುಮ್ಮನೆ ಬಿಡುವುದಿಲ್ಲ. ಅದು ಅವನಿಗೂ ಗೊತ್ತು.

ಕಾರ್ಲಾ ಇನ್ನೂ ಹೊರಟಿರಲಿಲ್ಲ. ಮಗನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದವಳು ತಲೆಯೆತ್ತಿ ಕೇಳಿದಳು. "ನೀವೂ ಆಡಿದ್ರಾ ದೇದೋ, ಆ ಕಾಲ್ದಲ್ಲಿ?"

"ಆಡ್ದೆ ಕಣಮ್ಮ," ಎಂದ ಎಮಿಲ್. "ಒಂದು ನಿಮಿಷಾನೂ ಹೊರಗೆ ಕೂರದೆ ಆಡ್ದೆ."

"ಹೌದಾ?" ಅಂದಳು ಕಾರ್ಲಾ, ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಡುತ್ತ. "ಹೇಳಿ ಮತ್ತೆ."