ಅನಿತ ಹೇಳಿದ ಒಂದು ಬೆಳೆಯ ಕಥೆ

ಮುಳಬಾಗಿಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಶಾಮಲಮ್ಮನವರಿಗೆ ಭೂತಕಾಲವೆಂದರೆ ಕಪ್ಪುಹಲಗೆಯ ಮೇಲಿನ ಒಂದು ಪಟ್ಟಿ: ಎಡಗಡೆ ‘ಗೋ’, ಬಲಗಡೆ ‘ವೆಂಟ್’. ಆ ಪಟ್ಟಿಯೊಳಗೆ ಜೀವವೊಂದು ಅಡಗಿರಬಹುದೆಂಬ ಅನುಮಾನ, ದೇವರಾಯಸಮುದ್ರದ ಅನಿತ ಬಂದು ಅವರ ಜಗಲಿಯ ಮೇಲೆ ಕೂರುವ ತನಕ ಅವರಿಗೆ ಬಂದಿರಲಿಲ್ಲ.

ಅನಿತ ರೇಷ್ಮೆಹುಳು ಸಾಕುವವಳು. ಹತ್ತನೆಯ ತರಗತಿಗೆ ಓದು ನಿಂತು, ಮದುವೆಯಾಗಿ, ಹದಿನಾಲ್ಕು ವರ್ಷಗಳಲ್ಲಿ ನೂರಕ್ಕೂ ಮಿಕ್ಕಿ ಗೂಡಿನ ಬೆಳೆ ತೆಗೆದಿದ್ದಳು. ಕೋಲಾರದ ತರಬೇತಿ ಕೇಂದ್ರವೊಂದಕ್ಕೆ ಸಾಕಣೆ ಕಲಿಸುವವರು ಬೇಕಾಗಿದ್ದರು. ಕಲಿಯಲು ಬರುವವರು ಅಸ್ಸಾಂ, ಜಾರ್ಖಂಡ್ ಕಡೆಯ ಹೆಂಗಸರು; ಆದುದರಿಂದ, ತಾವು ತೆಗೆದ ಒಂದು ಬೆಳೆಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬಲ್ಲವರಿಗೇ ಆ ಕೆಲಸ. ತನ್ನ ಕೈ ಬಲ್ಲದ್ದನ್ನು ನಾಲ್ಕು ಜನರೆದುರು ನಿಂತು ಕಲಿಸಬೇಕೆಂಬುದು ಅನಿತಳ ಬಹುಕಾಲದ ಆಸೆ.

ಆರು ವಾರ ಪಾಠ ನಡೆಯಿತು. ‘ಕ್ಲೀನ್’ಗೆ ಬಾಲ ಅಂಟಿಸಿದರೆ ‘ಕ್ಲೀನ್ಡ್’. ‘ಫೀಡ್’ ಮಾತ್ರ ಒಳಗೊಳಗೇ ಬದಲಾಗಿ ‘ಫೆಡ್’. ಇಲ್ಲವೆನ್ನಲು ‘ಡಿಡ್ ನಾಟ್’ ಮುಂದಿಟ್ಟರೆ ಕ್ರಿಯಾಪದ ಮತ್ತೆ ಮೊದಲಿನ ರೂಪಕ್ಕೇ ಮರಳುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಸುತ್ತಲೇ ಅವಳು ಇದನ್ನೆಲ್ಲ ಬಾಯಿಪಾಠ ಮಾಡಿದಳು. ನಾನು, ನೀನು, ಅವರು ಎಲ್ಲರಿಗೂ ಒಂದೇ ರೂಪವೆಂದಾಗ ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ.

“ಕುರುಡುಮಲೆ ಗಣಪತಿ ಬಂದ್ರೂ ಕೇಮ್, ನಮ್ಮನೆ ಎಮ್ಮೆ ಬಂದ್ರೂ ಕೇಮಾ, ಮೇಡಂ? ಮರ್ಯಾದೆ ಎಲ್ಲಿಡ್ತಾರೆ ಇವ್ರು?”

ಶಾಮಲಮ್ಮ ನಕ್ಕರು. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಆ ಮಾತು ನೆನಪಾಗಿ, ಬೆಂಕಿಕಡ್ಡಿ ಬೆರಳಿಗೆ ತಾಗುವವರೆಗೂ ಬೆರಗಾಗಿ ನಿಂತಿದ್ದರು.

ಸಂದರ್ಶನದ ದಿನ ಅನಿತಳ ಗಂಡ ಕದಿರೇಶನೊಡನೆ ಅವರೂ ಹಿಂದಿನ ಬೆಂಚಿನಲ್ಲಿ ಕುಳಿತರು. ಅನಿತ ಎದ್ದು ನಿಂತು ಆರಂಭಿಸಿದಳು: “ಮೈ ಹಸ್ಬೆಂಡ್ ಫೆಡ್ ದ ವರ್ಮ್ಸ್. ಮೈ ಹಸ್ಬೆಂಡ್ ಕ್ಲೀನ್ಡ್ ದ ಟ್ರೇಸ್.” ಒಂದಕ್ಷರವೂ ತಪ್ಪಿರಲಿಲ್ಲ. ಪರೀಕ್ಷಕಿ ಪೆನ್ನು ಕೆಳಗಿಟ್ಟು, ಹಾಗಾದರೆ ಕೆಲಸ ಬಲ್ಲವರು ನಿಮ್ಮ ಯಜಮಾನರೇ ತಾನೇ ಎಂದು ಕೇಳಿದರು.

ಹುಳು ಸಾಕುವ ಮನೆಗಳ ವಾಡಿಕೆ ಶಾಮಲಮ್ಮನವರಿಗೆ ಗೊತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ಹೆಂಗಸು ‘ನಾನು ಮಾಡಿದೆ’ ಎನ್ನಬಾರದು, ದೃಷ್ಟಿ ತಾಕುತ್ತದೆ. ಯಜಮಾನರ ಕೈಗುಣ ಎನ್ನಬೇಕು. ಅದನ್ನು ಪಾಠದಲ್ಲಿ ಬಿಡಿಸಿ ಹೇಳಲು ಅವರಿಗೆ ತೋಚಿರಲಿಲ್ಲ.

ಕದಿರೇಶ ಎದ್ದು ನಿಂತ. “ನಾನು ಗೂಡು ಗಾಡಿಗೆ ಹಾಕ್ದೋನು ಅಷ್ಟೇ, ಮೇಡಂ. ಸೊಪ್ಪು ಎಷ್ಟು ಹಾಕ್ಬೇಕು ಅಂತ ಇವತ್ತಿಗೂ ಇವಳನ್ನೇ ಕೇಳೋದು.” ಹೆಂಡತಿಯತ್ತ ತಿರುಗಿದ. “ನಿಂದು ನೀನೇ ಹೇಳ್ಕೊಳೇ. ದೃಷ್ಟಿ ಆದ್ರೆ ನಾನ್ ತೆಗೀತೀನಿ.”

ಅನಿತ ಪರೀಕ್ಷಕಿಯತ್ತ ತಿರುಗಿ ‘ಐ’ ಎಂದಳು. ಆ ಒಂದಕ್ಷರ ದಾಟಿದ್ದೇ ತಡ, ಉಳಿದದ್ದು ತಾನಾಗಿ ಹರಿಯಿತು. ಅವಳು ರೋಗ ತಾಗದಂತೆ ಸುಣ್ಣ ಚೆಲ್ಲಿದ್ದು, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟದ್ದು, ಹಾಲುರೋಗ ತಗುಲಿದವನ್ನು ಒಂದೊಂದಾಗಿ ಆರಿಸಿ ತೆಗೆದದ್ದು, ಎಲ್ಲವೂ ಆ ಪರಭಾಷೆಯಲ್ಲಿ ಅವಳದಾಗಿ ಎದ್ದು ನಿಂತವು. ತಾವೇ ಕಲಿಸಿದ ಪದಗಳನ್ನು ಶಾಮಲಮ್ಮ ಮೊದಲ ಬಾರಿಗೆ ಕೇಳುತ್ತಿದ್ದರು.

ರೋಗಕ್ಕೆ ಎಷ್ಟು ಹುಳು ಹೋದವೆಂದು ಪರೀಕ್ಷಕಿ ಕೇಳಿದರು.

“ಐ ಡಿಡ್ ನಾಟ್ ಕೌಂಟ್, ಮೇಡಂ,” ಎಂದಳು ಅನಿತ. “ಐ ಸೇವ್ಡ್ ದ ಅದರ್ಸ್.”

ಪರೀಕ್ಷಕಿ ನೇಮಕದ ಕಾಗದವನ್ನು ಅವಳ ಮುಂದೆ ಸರಿಸಿ, ಸಹಿಯ ಜಾಗ ತೋರಿಸಿದರು.