ಟೈಲರ್ ತಿಂದ ಕಡುಬು

ನನಗೆ ಬೈಬಲ್ ಕಲಿಸಿದವರು ಅಟ್ಟೂರಿನ ಒಬ್ಬ ಟೈಲರ್. ಗುರುವಾರ ಮಧ್ಯಾಹ್ನ ಹೊಲಿಗೆ ಮಿಷನ್ ನಿಲ್ಲಿಸಿ, ಕೊರಳಿನ ಅಳತೆ ಟೇಪನ್ನೇ ಪುಟಕ್ಕೆ ಗುರುತಿಟ್ಟು, ನನ್ನೊಬ್ಬನಿಗೇ ಓದಿ ಹೇಳುತ್ತಿದ್ದರು. ಏನು ಕೇಳಿದರೂ ಮೊದಲು "ನಿಧಾನ ಕಣ್ರೀ" ಅನ್ನೋರು. ವಿಗ್ರಹದ ಪೂಜೆಗಿಟ್ಟದ್ದನ್ನು ತಿನ್ನಬೇಡಿ ಎಂದು ಬೈಬಲ್ ತೋರಿಸಿ ಹೇಳಿದವರೂ ಅವರೇ.

ಗಣೇಶನ ಹಬ್ಬದ ದಿನ ಅವರು ನಮ್ಮ ಮನೆಗೆ ಬಂದರು. ಅಮ್ಮ ನೈವೇದ್ಯದ ಕಡುಬು ತಂದಳು. ನಾನು ಬೇಡವೆಂದೆ. ತಟ್ಟೆ ಹಿಡಿದ ಅಮ್ಮನ ಕೈ ಹಾಗೇ ನಿಂತಿತು. ಟೈಲರ್ ಆ ಕಡುಬನ್ನು ಎರಡೂ ಕೈಯಲ್ಲಿ ತಗೊಂಡು, ತಿಂದು, ಇನ್ನೊಂದು ಕೇಳಿದರು.

ಗೇಟಿನ ಹತ್ತಿರ ಅವರನ್ನು ತಡೆದೆ. "ತಿನ್ನಬಾರದು ಅಂದಿದ್ರಲ್ಲ ಸಾರ್?"

"ಅಂದಿದ್ದೆ."

"ಮತ್ತೆ?"

"ನಿಧಾನ ಕಣ್ರೀ."

ಅವರು ಈಗಿಲ್ಲ. ಅಮ್ಮ ಹಬ್ಬಕ್ಕೆ ಈಗಲೂ ಕಡುಬು ಮಾಡುತ್ತಾಳೆ. ನನಗೆ ಬೇಕಾ ಅಂತ ಮಾತ್ರ ಕೇಳುವುದಿಲ್ಲ. ಕೇಳಿದರೆ ಏನು ಹೇಳಬೇಕೋ, ನನಗೂ ಇನ್ನೂ ಗೊತ್ತಿಲ್ಲ.